ಆರು ಮಿಲಿಮೀಟರ್ ಕಂಬ

ಕಂಪ್ಯೂಟರಿನಲ್ಲಿ ಬರೆದ ಕಂಬಕ್ಕೆ ತಾನು ಯಾರು ಅಂತ ಗೊತ್ತಿರುವುದಿಲ್ಲ. ಉದ್ದ, ಅಗಲ ಇರುತ್ತದೆ, ಅಷ್ಟೇ. ಯಾವ ಪೈಪು, ಯಾವ ಬಣ್ಣ, ಯಾರ ತೋಟಕ್ಕೆ ಅನ್ನುವುದನ್ನೆಲ್ಲ ನಾವೇ ಹೇಳಿಕೊಡಬೇಕು. ನಾನು ಬಳಸುವುದು ಫ್ರೀಕ್ಯಾಡ್ ಅನ್ನುವ ಡಿಸೈನ್ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ ಅನ್ನುವುದೇ ಮೊದಲ ಕಾರಣ, ಸುಳ್ಳು ಯಾಕೆ? ಅದರೊಳಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಆಡ್‌ಪ್ರಾಪರ್ಟಿ’ ಅಂತ ಒಂದು ಸಾಲು ಬರೆದರೆ ಕಂಬದ ಬೆನ್ನಿಗೆ ಚೀಟಿ ಅಂಟಿಸಿದ ಹಾಗೆ. ಆಮೇಲೆ ಇನ್ನೊಂದು ಸಣ್ಣ ಪ್ರೋಗ್ರಾಂ ಚೀಟಿಗಳನ್ನೆಲ್ಲ ಓದಿ ಯಾವ ಪೈಪನ್ನು ಎಷ್ಟುದ್ದ ಕತ್ತರಿಸಬೇಕು ಅನ್ನುವ ಕಟಿಂಗ್ ಲಿಸ್ಟ್ ಮಾಡಿಕೊಡುತ್ತದೆ.

ಕೊಡಗಿನ ಮಾದಾಪುರದ ಕಡೆ ಒಂದು ತೋಟ. ಕಾಫಿ ಒಣಗಿಸಲು ಶೆಡ್ಡು ಬೇಕು, ಅದೂ ಅರೇಬಿಕಾ ಕೊಯ್ಲಿಗೆ ಮೊದಲೇ. ಅಳತೆಗಳನ್ನು ವರ್ಕ್‌ಶಾಪಿನ ಹುಡುಗ ತುಂಬಿ ಕಳಿಸಿದ್ದ. ಕಂಬದ ಎತ್ತರ: 6. ಅವನ ಮಟ್ಟಿಗೆ ಅದು ಅಡಿ. ನಮ್ಮಲ್ಲಿ ಶೆಡ್ಡಿನ ಎತ್ತರವನ್ನು ಮಿಲಿಮೀಟರಲ್ಲಿ ಯಾರು ಹೇಳುತ್ತಾರೆ? ಆದರೆ ಉದ್ದದ ಚೀಟಿಯಲ್ಲಿ ಬರೀ 6 ಅಂತಿದ್ದರೆ ಫ್ರೀಕ್ಯಾಡಿಗೆ ಅದು 6 ಮಿಲಿಮೀಟರ್. ಅಡಿಯ ಗುರುತು ಇಂಗ್ಲಿಷಲ್ಲಿ ಜೊತೆಗಿದ್ದಿದ್ದರೆ ತಾನೇ 1828.8 ಅಂತ ಲೆಕ್ಕ ಹಾಕಿಕೊಳ್ಳುತ್ತಿತ್ತು. ಕನ್ನಡದಲ್ಲಿ ‘ಅಡಿ’ ಅಂತ ಬರೆದಿದ್ದರೆ ಎರರ್. ಅದೇ ವಾಸಿ ಅಲ್ವಾ, ಕೊನೇಪಕ್ಷ ಕಿರುಚುತ್ತಿತ್ತು!

ತಮಾಷೆ ಅಂದರೆ ಚಿತ್ರದಲ್ಲಿ ಕಂಬ ನೆಟ್ಟಗೆ ಆರಡಿಯೇ ನಿಂತಿತ್ತು. ಚೀಟಿಗೂ ಚಿತ್ರಕ್ಕೂ ಎಕ್ಸ್‌ಪ್ರೆಶನ್ (ಎರಡನ್ನೂ ಜೋಡಿಸುವ ಸೂತ್ರ) ಹಾಕಿ ಗಂಟು ಹಾಕದಿದ್ದರೆ ಇವರ ಮಾತು ಅವರಿಗೆ ಕೇಳಿಸುವುದಿಲ್ಲ. ಲಿಸ್ಟ್ ನೋಡಿದ ಕಟಿಂಗಿನವರು ಫೋನ್ ಮಾಡಿದರು.

“ಎಂಥ ಸಾರ್ ಇದು? ಇದಕ್ಕೆ ಮಿಷಿನ್ ಯಾಕೆ, ಹಲ್ಲಲ್ಲೇ ಕಡೀಬಹುದು.”

ಅದು ಸರಿಯಾಯಿತು. ಆಮೇಲೆ ಹುಡುಗ ಬಾಗಿಲ ಪಕ್ಕದ ಕಂಬವನ್ನೇ ಕಾಪಿ ಮಾಡಿ ಸಾಲಾಗಿ ನಿಲ್ಲಿಸಿದ. ಕಂಬದ ಜೊತೆ ಚೀಟಿಯೂ ಕಾಪಿ ಆಗುತ್ತದೆ. ‘ಹಿಂಜಸ್ ಬೇಕು’ ಅಂತ ಪ್ರತಿ ಕಂಬವೂ ಕೈಯೆತ್ತಿತು. ಲಿಸ್ಟ್ ಪ್ರಕಾರ ಮಾಡಿದ್ದರೆ ಶೆಡ್ಡಿಗೆ ಗೋಡೆಯೇ ಇರುತ್ತಿರಲಿಲ್ಲ, ಸುತ್ತಲೂ ಬಾಗಿಲು. ಗಾಳಿಯೇನೋ ಚೆನ್ನಾಗಿ ಆಡುತ್ತಿತ್ತು.

ಕೊನೆಗೆ ಒಂದಷ್ಟು ತುಂಡುಗಳನ್ನು ಲೇಸರ್ ಕಟಿಂಗಿಗೆ ಮೈಸೂರಿಗೆ ಕಳಿಸಬೇಕಾಯಿತು. ಬೇರೆ ಸಾಫ್ಟ್‌ವೇರಿನವರೂ ತೆರೆಯಬಹುದಾದ ಸ್ಟೆಪ್ ಫೈಲಿನಲ್ಲಿ ಆಕಾರ ಹೋಗುತ್ತದೆ, ಹೆಸರೂ ಹೋಗುತ್ತದೆ. ನಾವು ಅಂಟಿಸಿದ ಚೀಟಿಗಳು ಮಾತ್ರ ಹೋಗುವುದಿಲ್ಲ. ಬಣ್ಣ ಯಾವುದು, ಯಾವ ಮೂಲೆಗೆ ಯಾವುದು, ಒಂದೂ ಅವರಿಗೆ ಗೊತ್ತಿಲ್ಲ. ತುಂಡುಗಳು ಬಂದ ಮೇಲೆ ವರ್ಕ್‌ಶಾಪಿನ ಯಜಮಾನರು ಸುಮ್ನೆ ಸೀಮೆಸುಣ್ಣ ತಗೊಂಡು ಒಂದೊಂದರ ಮೇಲೂ ನಂಬರ್ ಬರೆದರು. “ನೋಡಿ ಸಾರ್, ಇದಕ್ಕೆ ಕರೆಂಟೂ ಬೇಡ” ಅಂತ ನನಗೊಂದು ಮಾತು ಬೇರೆ. ಪಿಕಪ್ಪಿಗೆ ಟಾರ್ಪಾಲು ಕಟ್ಟಿರಲಿಲ್ಲ. ಸುಂಟಿಕೊಪ್ಪ ದಾಟುವಷ್ಟರಲ್ಲಿ ಮಳೆ ಹಿಡಿಯಿತು.

ತೋಟದಿಂದಲೇ ಯಜಮಾನರ ಫೋನ್ ಬಂತು. ಹಿಂದೆ ಸಾಹುಕಾರರು ಜೋರಾಗಿ ಏನೋ ಹೇಳುತ್ತಿರುವುದೂ ಕೇಳಿಸುತ್ತಿತ್ತು.

“ಸಾರ್, ಆ ನಿಮ್ಮ ಲಿಸ್ಟಿಗೆ ಇನ್ನೊಂದು ಐಟಂ ಸೇರಿಸಿಬಿಡಿ. ಆಯಿಲ್ ಪೇಂಟ್, ಸಣ್ಣ ಡಬ್ಬಿ. ಬ್ರಶ್ಶು ನಮ್ಮ ಹತ್ರ ಇದೆ.”