ಹಳೆಯ ರೌಟರಿನ ಹಲ್ಲು

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ನಮ್ಮ ತಾತ ಎತ್ತಿನ ತುಟಿ ಸರಿಸಿ ಹಲ್ಲು ಎಣಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ; ಹಳೆಯ ಕಂಪ್ಯೂಟರ್ ಸಾಮಾನಿನ ಸಂತೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ಮಾಡಿದ್ದೂ ಹೆಚ್ಚುಕಡಿಮೆ ಅದೇ ಕೆಲಸ. ಚಾಮರಾಜಪೇಟೆಯ ನಮ್ಮ ಮುದ್ರಣಾಲಯಕ್ಕೂ ರಾಜಾಜಿನಗರದ ಗೋದಾಮಿಗೂ ನಡುವೆ ಬೆಳಕಿನ ರೂಪದಲ್ಲಿ ಮಾಹಿತಿ ಒಯ್ಯುವ ಆರೇಳು ಕಿಲೋಮೀಟರಿನ ಒಂಟಿ ಫೈಬರ್ ಎಳೆಯನ್ನು ಬಾಡಿಗೆಗೆ ಪಡೆದ ಮೇಲೆ, ಅದರ ಎರಡು ತುದಿಗಳಿಗೆ ಮಾಹಿತಿಗೆ ದಾರಿ ತೋರಿಸಿ ದಾಟಿಸುವ ಎರಡು ಪೆಟ್ಟಿಗೆಗಳು, ಅಂದರೆ ರೌಟರುಗಳು, ಬೇಕಾದವು. ದೊಡ್ಡ ಕಂಪನಿಯ ಹೊಸ ಮಾಲಿನ ಬೆಲೆ ಕೇಳಿದ ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಳೇದು ಸಿಗೋದಿಲ್ವೇನಪ್ಪಾ?" ಎಂದರು.

ಸಿಗುತ್ತದೆ, ರಾಶಿರಾಶಿಯಾಗಿ ಸಿಗುತ್ತದೆ. ಅಂಗಡಿಯವನು ಮೊದಲು ಎತ್ತಿ ತೋರಿಸಿದ್ದು ಸಿಸ್ಕೋ 2921. ಹತ್ತು ಕೆ.ಜಿ.ಗೆ ಮೀರಿದ ಲೋಹದ ಮೈ. ಸ್ವಿಚ್ ಹಾಕಿದೊಡನೆ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಮೊರೆದವು. ಸೆಕೆಂಡಿಗೆ ಸಾವಿರ ಮೆಗಾಬಿಟ್‌ನ ಗಿಗಾಬಿಟ್ ಪೋರ್ಟು ಮೂರು, ಅವುಗಳಲ್ಲೊಂದಕ್ಕೆ ಫೈಬರಿನ ಬೆಳಕನ್ನು ಕಳಿಸಿ ಸ್ವೀಕರಿಸುವ ಎಸ್‌ಎಫ್‌ಪಿ ಮಾಡ್ಯೂಲನ್ನೂ ಸಿಕ್ಕಿಸಬಹುದು. ನೋಡಿದವರಿಗೆ ಗೌರವ ಹುಟ್ಟಿಸುವ ಯಂತ್ರವೇ ಸರಿ. ಆದರೆ ಪೋರ್ಟು ಬಾಯಿಯಷ್ಟೇ, ಹೊಟ್ಟೆ ಬೇರೆ. ಭದ್ರತೆ ಮೊದಲಾದ ಸೇವೆಗಳೆಲ್ಲ ಚಾಲ್ತಿಯಲ್ಲಿರುವಾಗ 50 ಮೆಗಾಬಿಟ್ ವೇಗದ ಕೊಂಡಿಗೆ ತಕ್ಕದ್ದೆಂದು ಕಂಪನಿಯೇ ಇದನ್ನು ಮಾರಿತ್ತು, ನಮಗಾದರೋ ನೂರಕ್ಕೆ ಕಡಿಮೆಯಾದರೆ ಪುಟಗಳ ಕಡತಗಳು ಸಂಜೆಯಾದರೂ ಗೋದಾಮು ಸೇರುವುದಿಲ್ಲ. ಮೇಲಾಗಿ 2022ರ ಕೊನೆಗೆ ಇದಕ್ಕೆ ಕಂಪನಿಯ ಬೆಂಬಲವೂ ನಿಂತಿದೆ. ಬಾಯಿಗೂಡಿದ ಎತ್ತು ಎಂದುಕೊಂಡು ಮುಂದೆ ಸರಿದೆ.

ಕೊನೆಗೆ ಒಪ್ಪಿದ್ದು ಲಾಟ್ವಿಯಾದ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಎಸ್; ತಿಂಡಿ ಡಬ್ಬಿಯಷ್ಟೇ ಗಾತ್ರ, ಫ್ಯಾನಿಲ್ಲ, ಸದ್ದಿಲ್ಲ, ಫೈಬರಿಗೊಂದು ಕಿಂಡಿ, ನೂರು ಮೆಗಾಬಿಟ್ಟನ್ನು ಏದುಸಿರಿಲ್ಲದೆ ದಾಟಿಸುವ ಹೊಟ್ಟೆ. ತಂತ್ರಾಂಶದ ಹೊಸ ಆವೃತ್ತಿಗಳು ಹಣವಿಲ್ಲದೆ ಬರುತ್ತವೆಂಬುದು ಹಳೆಯ ಮಾಲು ಕೊಳ್ಳುವವನಿಗೆ ಸಣ್ಣ ಮಾತಲ್ಲ, ಏಕೆಂದರೆ 2018ರಲ್ಲಿ ಇದೇ ಕಂಪನಿಯ ಹಳೆಯ ಆವೃತ್ತಿಗಳಲ್ಲಿದ್ದ ಒಂದು ದೋಷದಿಂದಾಗಿ ಎರಡು ಲಕ್ಷಕ್ಕೂ ಹೆಚ್ಚು ರೌಟರುಗಳು ಕಳ್ಳರ ಕೈಸೇರಿದ್ದವು. ನಮ್ಮ ಎರಡರಲ್ಲೊಂದು ಹಿಂದಿನ ಮನೆಯ ನೆನಪನ್ನು ಪೂರ್ತಿಯಾಗಿ ಉಳಿಸಿಕೊಂಡಿತ್ತು: ಯಾವುದೋ ಕಚೇರಿಯ ಪ್ರಿಂಟರುಗಳ ವಿಳಾಸ, ಒಂದು ಗುಪ್ತಪದ, "ಅಕೌಂಟ್ಸ್ ಮೇಡಂ" ಎಂಬ ಹೆಸರಿನ ಕಂಪ್ಯೂಟರು. ಪರರ ಪತ್ರ ಓದಿದಂತಾಗಿ ಎಲ್ಲವನ್ನೂ ಅಳಿಸಿದೆ.

ಇಷ್ಟೆಲ್ಲ ಜಾಣತನ ತೋರಿದವನು ಎಡವಿದ್ದು ಹೆಬ್ಬೆರಳಿನಷ್ಟು ದೊಡ್ಡ ಮಾಡ್ಯೂಲಿನಲ್ಲಿ. ಒಂದೇ ಎಳೆಯಲ್ಲಿ ಹೋಗಿಬರುವ ಬೆಳಕಿಗೆ ಎರಡು ಬಣ್ಣ ಬೇಕು: ಒಂದು ತುದಿ 1310 ನ್ಯಾನೋಮೀಟರಿನಲ್ಲಿ ನುಡಿದು 1550ರಲ್ಲಿ ಆಲಿಸಿದರೆ, ಇನ್ನೊಂದು ತುದಿ ಅದಕ್ಕೆ ತಿರುಗುಮುರುಗಾಗಿರಬೇಕು. ನಾನು ತಂದಿದ್ದು ಎರಡೂ 1310ರಲ್ಲಿ ನುಡಿಯುವವು. ಇಬ್ಬರೂ ಮಾತಾಡುತ್ತಿದ್ದಾರೆ, ಇಬ್ಬರಿಗೂ ಕೇಳಿಸುತ್ತಿಲ್ಲ. ಅರ್ಧ ದಿನ ನಾನು ಕನೆಕ್ಟರುಗಳನ್ನು ಒರೆಸುತ್ತ ಕುಳಿತೆ. ಮರುದಿನ ಅಂಗಡಿಯವನು ಮಾಡ್ಯೂಲನ್ನು ಬೆಳಕಿಗೆ ಹಿಡಿದು, ಅದು ಯಾವ ಬೆಳಕಿನಲ್ಲಿ ನುಡಿಯುತ್ತದೆಂದು ಹೇಳುವ ಕೊಕ್ಕೆಯ ಬಣ್ಣ ನೋಡಿ, "ಇದು ನೀಲಿ, ಅದೂ ನೀಲಿ. ಜಾತಕ ನೋಡ್ದೆ ಮದ್ವೆ ಮಾಡಿದ್ರಾ ಸಾರ್?" ಎಂದು ನಕ್ಕು, ಒಂದನ್ನು ಬದಲಿಸಿಕೊಟ್ಟು, ಇನ್ನೂರು ರೂಪಾಯಿ ಮೇಲೆ ತೆಗೆದುಕೊಂಡ.