ಪಕ್ಷಾಂತರ ಮಾಡಿದ ಸೂಜಿ

ನಮ್ಮ ರಾಜ್ಯದಲ್ಲಿ ಶಾಸಕರು ಪಕ್ಷ ಬಿಟ್ಟರೆ ಯಾರೂ ಟೀ ಲೋಟ ಕೆಳಗಿಟ್ಟು ನೋಡುವುದಿಲ್ಲ. ಆದರೆ ಒಂದು ಸೂಜಿ ಪಕ್ಷ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ನಮ್ಮ ಚಿಕ್ಕಪ್ಪನ ಎಡತೋಳಿನಲ್ಲಿ.

2021ರ ಮೇ ತಿಂಗಳು. ಚನ್ನರಾಯಪಟ್ಟಣದ ಕಡೆ ನಮ್ಮೂರ ಆಸ್ಪತ್ರೆ ಮುಂದೆ ಬೆಳಗಿನ ಜಾವ ಐದಕ್ಕೇ ಕೋವಿಡ್ ಲಸಿಕೆಗೆ ಕ್ಯೂ. ಮನುಷ್ಯರದ್ದಲ್ಲ, ಚಪ್ಪಲಿಗಳದ್ದು. ಅಂತರ ಕಾಪಾಡಬೇಕಲ್ಲ! ಚಪ್ಪಲಿಗಳು ಮೂರಡಿ ದೂರ ದೂರ ನಿಂತಿದ್ದವು. ಅವುಗಳ ಯಜಮಾನರು ಹುಣಸೆಮರದ ಕೆಳಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಚಿಕ್ಕಪ್ಪನ ಹವಾಯಿ ಚಪ್ಪಲಿ ನಾಲ್ಕನೆಯದು. ಯಾರೋ ಅದರ ಮುಂದೆ ಒಂದು ಕಲ್ಲಿಟ್ಟರು ಅಂತ ದೊಡ್ಡ ಜಗಳವೇ ಆಯಿತು.

"ನಮ್ಮ ಎರಡನೇ ಡೋಸ್ ಯಾರ ಮನೆಗೆ ಹೋಯ್ತಮ್ಮ?" ಅಂತ ಚಿಕ್ಕಪ್ಪ ಆಶಾ ಕಾರ್ಯಕರ್ತೆಯ ಮೇಲೆ ರೇಗಿದರು.

"ಮೇಲಿಂದ ಬಂದಿಲ್ಲ ಅಣ್ಣ," ಅಂದಳು ಪಾಪ.

ಅದೇ ವಾರ ದಿಲ್ಲಿಯಿಂದ ಸುದ್ದಿ ಬಂತು. ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ 6ರಿಂದ 8 ವಾರ ಅಲ್ಲ, 12ರಿಂದ 16 ವಾರ ಇರಲಿ, ಆಗಲೇ ಅದು ಚೆನ್ನಾಗಿ ಕೆಲಸ ಮಾಡುವುದು ಅಂತ. ಬ್ರಿಟನ್ನಿನ ಅಂಕಿಅಂಶ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸ್ಟಾಕ್ ಮುಗಿದ ವಾರವೇ ಅದು ನೆನಪಾಯಿತಲ್ಲ, ಆ ಟೈಮಿಂಗ್‌ಗೆ ಒಂದು ನಮಸ್ಕಾರ.

ನಮ್ಮ ರಾಜಕಾರಣಿಗಳಿಗೆ ಮಾತ್ರ ಈ ಎರಡು ಡೋಸ್ ಲೆಕ್ಕ ಹೊಸದೇನಲ್ಲ. ಮೊದಲ ಡೋಸ್ ರಾಜೀನಾಮೆ, ಎರಡನೇ ಡೋಸ್ ಉಪಚುನಾವಣೆ. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟವರಿಗೆ ಡಿಸೆಂಬರ್‌ನಲ್ಲಿ ಉಪಚುನಾವಣೆ ಬಂತು. ಅಂತರ ಐದು ತಿಂಗಳು. ಆಗ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಬಂದ ಡಾ. ಕೆ. ಸುಧಾಕರ್ ಅವರೇ 2021ರಲ್ಲಿ ಆರೋಗ್ಯ ಸಚಿವರು. ಬೂಸ್ಟರ್ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿನದು ಒಂದೇ ಹಾಡು: ಬೇಗ ಕೊಡಿ, ಇನ್ನೂ ಬೇಗ ಕೊಡಿ. ನಾವೇ 100 ಕೋಟಿ ಹಾಕಿ ಲಸಿಕೆ ತರಿಸುತ್ತೇವೆ, ಅನುಮತಿ ಕೊಡಿ ಅಂದರು. ಕೇಂದ್ರ ಸಚಿವರಾಗಿದ್ದ ಸದಾನಂದ ಗೌಡರು, ಲಸಿಕೆ ತಯಾರೇ ಆಗಿಲ್ಲ ಅಂದರೆ ನಾವೇನು ನೇಣು ಹಾಕಿಕೊಳ್ಳಬೇಕೇ ಅಂತ ಕೇಳಿದರು. ಒಟ್ಟಿನಲ್ಲಿ ಆ ತಿಂಗಳು ಲಸಿಕೆ ಅಮೃತ. ಕೊಡದವನು ಪಾಪಿ.

ಅದಕ್ಕೂ ನಾಲ್ಕು ತಿಂಗಳ ಹಿಂದೆ ಅದು ವಿಷ ಆಗಿತ್ತು. 2021ರ ಜನವರಿಯಲ್ಲಿ ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್, ಬಿಜೆಪಿಯ ಲಸಿಕೆ ನಾನು ಹಾಕಿಸಿಕೊಳ್ಳಲ್ಲ ಅಂದರು. ಜೂನ್‌ನಲ್ಲಿ ಅವರ ತಂದೆ ಮುಲಾಯಂ ಸಿಂಗ್ ತೋಳು ಚಾಚಿದರು. ಮಾರನೇ ದಿನವೇ ಮಗನೂ ರಾಜಿಯಾದರು. ಅಷ್ಟರಲ್ಲಿ ಅದು ಬಿಜೆಪಿ ಲಸಿಕೆ ಆಗಿರಲಿಲ್ಲ, ಭಾರತ ಸರ್ಕಾರದ ಲಸಿಕೆ ಆಗಿಬಿಟ್ಟಿತ್ತು. ಸೀಸೆ ಅದೇ.

ಇತ್ತ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಿತ್ತು. ಲೆಕ್ಕ ಎಲ್ಲಿ ಸ್ವಾಮಿ ಅಂತ ಕೇಳಿದವರೆಲ್ಲ ದೇಶದ್ರೋಹಿಗಳಾದರು. ಔಷಧ ನಿಯಂತ್ರಕರಂತೂ ಲಸಿಕೆಗಳು 110 ಪರ್ಸೆಂಟ್ ಸುರಕ್ಷಿತ ಅಂದುಬಿಟ್ಟರು. ನೂರಕ್ಕೆ ನೂರಹತ್ತು! ನಮ್ಮ ಮೇಷ್ಟ್ರು ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮಾರ್ಚ್‌ನಲ್ಲಿ ಕೋವ್ಯಾಕ್ಸಿನ್ ಎಷ್ಟು ಕೆಲಸ ಮಾಡುತ್ತೆ ಅನ್ನುವ ಮಧ್ಯಂತರ ಲೆಕ್ಕ ಬಂತು, 81 ಪರ್ಸೆಂಟ್. ಆಮೇಲೆ ಅದು 77.8ಕ್ಕೆ ನಿಂತಿತು. ಒಳ್ಳೆ ಮಾರ್ಕೇ. ಉತ್ತರಪತ್ರಿಕೆ ತಿದ್ದುವ ಮೊದಲೇ ಪಾಸ್ ಅಂದಿದ್ದಕ್ಕೆ ಅಷ್ಟೆಲ್ಲ ಗಲಾಟೆ.

ಚಿಕ್ಕಪ್ಪನ ಕಥೆಗೆ ಬರುತ್ತೇನೆ. ಅವರು ಹುಟ್ಟಾ ತೆನೆ ಹೊತ್ತ ಮಹಿಳೆ. ಅಂತೂ ಎರಡು ಡೋಸ್ ಆಯಿತು, ಸರ್ಟಿಫಿಕೇಟ್ ಬಂತು. ಅದರ ಕೆಳಗೆ ಮೋದಿಯವರ ಫೋಟೋ. ಚಿಕ್ಕಪ್ಪ ಚಿಕ್ಕಮ್ಮನ ಹೊಲಿಗೆ ಕತ್ತರಿ ತಗೊಂಡು ಅಷ್ಟು ಭಾಗ ಕತ್ತರಿಸಿ, ಉಳಿದದ್ದನ್ನು ಲ್ಯಾಮಿನೇಟ್ ಮಾಡಿಸಿದರು. 2023ರಲ್ಲಿ ಅವರ ಜೆಡಿಎಸ್ ಪಕ್ಷ ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡಿತು. ಈಗ ಆ ಕತ್ತರಿಸಿದ ಕಾಗದ ಮನೇಲಿಟ್ಟುಕೊಂಡರೆ ಚೆನ್ನಾಗಿರಲ್ಲ ಅಂತ ಅವರಿಗೇ ಅನ್ನಿಸಿತು. ಇವತ್ತು ನಾಳೆ ಅಂದುಕೊಂಡು, ಕೊನೆಗೆ 2024ರ ಮೇನಲ್ಲಿ ಸೈಬರ್ ಸೆಂಟರ್‌ಗೆ ಹೋಗಿ, "ಫೋಟೋ ಇರೋದು ಕೊಡಪ್ಪ, ಕಲರ್‌ನಲ್ಲಿ," ಅಂದರು. ಹುಡುಗ ಪ್ರಿಂಟ್ ಕೊಟ್ಟ. ಫೋಟೋ ಮಾಯ! ಚುನಾವಣಾ ನೀತಿ ಸಂಹಿತೆ ಅಂತ ತೆಗೆದಿದ್ದರು. "ನಾನು ಕತ್ತರಿಸಿದಾಗ ಇತ್ತು, ಬೇಕು ಅಂದಾಗ ಇಲ್ಲ," ಅಂತ ಚಿಕ್ಕಪ್ಪ ಎರಡು ದಿನ ಮಂಕಾಗಿದ್ದರು.

ಆಮೇಲೆ ಕಳೆದ ವರ್ಷ, 2025ರ ಜೂನ್. ನಮ್ಮ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಸತ್ತ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಹೆದರಿಕೆ ಆಗೇ ಆಗುತ್ತೆ. ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟು ಹಂಚಿದ್ದೂ ಕಾರಣ ಇರಬಹುದು ಅಂದರು. ತರಾತುರಿ! ಬೇಗ ಕೊಡಿ ಅಂತ 100 ಕೋಟಿ ಹಿಡಿದು ನಿಂತ ಪಕ್ಷದ ಬಾಯಲ್ಲಿ. ಎದುರಿಗೆ ಬಿಜೆಪಿಯವರು ವಿಜ್ಞಾನಿಗಳನ್ನು ನಂಬಿ, ವಿಜ್ಞಾನಕ್ಕೆ ಅವಮಾನ ಮಾಡಬೇಡಿ ಅಂದರು. ಕೊರೊನಾ ಓಡಿಸಲು ತಟ್ಟೆ ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕೆಲವೇ ದಿನದಲ್ಲಿ ಸರ್ಕಾರದ್ದೇ ಸಮಿತಿ, ಜಯದೇವ ಹೃದ್ರೋಗ ಆಸ್ಪತ್ರೆಯ ಡಾ. ರವೀಂದ್ರನಾಥ್ ನೇತೃತ್ವದ್ದು, ಲಸಿಕೆಗೂ ಈ ಹಠಾತ್ ಸಾವುಗಳಿಗೂ ನೇರ ಸಂಬಂಧ ಕಂಡಿಲ್ಲ ಅಂತ ವರದಿ ಕೊಟ್ಟಿತು. ಬಿಪಿ, ಶುಗರ್, ಬೊಜ್ಜು, ಬೀಡಿ ಸಿಗರೇಟಿನ ಕಡೆ ಕೈ ತೋರಿಸಿತು. ಬೀಡಿಗೆ ಪಕ್ಷ ಇಲ್ಲ ನೋಡಿ, ಯಾರೂ ಪ್ರೆಸ್‌ಮೀಟ್ ಕರೆಯಲಿಲ್ಲ.

ಎಲ್ಲರೂ ಹಾರ್ಟ್ ಚೆಕಪ್‌ಗೆ ಓಡುತ್ತಿದ್ದರು. ಚಿಕ್ಕಪ್ಪನನ್ನೂ ಕರೆದುಕೊಂಡು ಹೋದೆ. ಮತ್ತೆ ಬೆಳಗಿನ ಜಾವದ ಕ್ಯೂ. ಈ ಸಲ ಚಪ್ಪಲಿ ಕಾಲಲ್ಲೇ ಇತ್ತು.

"ಬೀಡಿ ಎಷ್ಟು?" ಅಂದರು ಡಾಕ್ಟರು.

"ದಿನಕ್ಕೊಂದು ಕಟ್ಟು. ಮದುವೆ ಮನೆ ಇದ್ದರೆ ಒಂದೂವರೆ."

"ಯಾವಾಗಿಂದ?"

"ದೇವೇಗೌಡ್ರು ಮುಖ್ಯಮಂತ್ರಿ ಆದಾಗಿಂದ ಸಾರ್."

"ಕೋವಿಡ್ ಲಸಿಕೆ?"

"ಎರಡು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಏನೋ ಬರೆದರು. ಹೊರಗೆ ಬಂದು ಬಸ್‌ಸ್ಟಾಂಡ್ ಹತ್ತಿರ ಚಿಕ್ಕಪ್ಪ ಒಂದು ಬೀಡಿ ಹಚ್ಚಿ ನನ್ನ ಕಿವಿ ಹತ್ತಿರ ಬಗ್ಗಿದರು. "ನೋಡ್ದೇನೋ, ಎರಡು ಅಂದ ತಕ್ಷಣ ಡಾಕ್ಟ್ರ ಮುಖ ಹೆಂಗೆ ಸಪ್ಪಗಾಯ್ತು? ಎಲ್ಲಾ ಆ ಸೂಜಿದೇ ಕಣೋ." ಆಚೆ ಈಚೆ ನೋಡಿದರು. "ಊರಲ್ಲಿ ಮಾತ್ರ ಬಾಯಿ ಬಿಡಬೇಡ. ಮೈತ್ರಿಗೆ ತೊಂದ್ರೆ ಆಗುತ್ತೆ."