14,750 ರೂಪಾಯಿಯ ಉಪ್ಪಿಟ್ಟು

ದುಬಾರಿ ಕ್ರೆಡಿಟ್ ಕಾರ್ಡ್ ಒಂದನ್ನು ತಗೊಳ್ಳಿ ಅಂತ ಬ್ಯಾಂಕಿನಿಂದ ಮತ್ತೆ ಮೆಸೇಜ್ ಬಂದಿದೆ. ‘ನಿಮ್ಮಂಥ ಆಯ್ದ ಕೆಲವರಿಗೆ ಮಾತ್ರ’ ಅಂತೆ. ಆ ಆಯ್ದ ಕೆಲವರು ಯಾರು ಅಂತ ವಿಚಾರಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ಮೂರೂ ಬ್ಲಾಕಿನವರು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಬೆಳಿಗ್ಗೆ ಲಿಫ್ಟಿಗೆ ಕಾಯುವವರು. ಮಾಲ್‌ನ ಎಸ್ಕಲೇಟರ್ ಪಕ್ಕ ಟೇಬಲ್ ಹಾಕಿಕೊಂಡು ನಿಂತ ಹುಡುಗನ ಕಣ್ಣಿಗೆ ಬಿದ್ದವರು. ಸಂಬಳದ ಸ್ಲಿಪ್ ಒಂದಿದ್ದರೆ ಈ ಊರಿನಲ್ಲಿ ಆಯ್ಕೆಯಾಗದೆ ಉಳಿಯೋದೇ ಕಷ್ಟ.

ವಿಷಯ ನಿಮಗೂ ಗೊತ್ತಿರುತ್ತೆ. ವರ್ಷದ ಫೀಸು 12,500 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 2,250. ಒಟ್ಟು 14,750. ವರ್ಷದಲ್ಲಿ ಹತ್ತು ಲಕ್ಷ ಉಜ್ಜಿದರೆ ಮುಂದಿನ ಫೀಸು ಮನ್ನಾ. ರೈತರ ಸಾಲ ಮನ್ನಾ ಅಂದರೆ ‘ದೇಶ ಹಾಳಾಗೋದೇ ಇದರಿಂದ’ ಅನ್ನುವ ನಮ್ಮ ಪಕ್ಕದ ಮನೆಯವರು ಈ ಮನ್ನಾಕ್ಕೆ ಏಪ್ರಿಲ್‌ನಿಂದಲೇ ತಯಾರಿ ಶುರು ಮಾಡುತ್ತಾರೆ.

ಈ ಕಾರ್ಡು ಕೊಟ್ಟ ಫೀಸಿಗೆ ವರ್ತ್ ಹೌದಾ ಅಲ್ವಾ ಅನ್ನೋದು ಅವರ ಪ್ರಶ್ನೆ. ಉತ್ತರಕ್ಕೆ ಎಕ್ಸೆಲ್ ಶೀಟ್ ಮಾಡಿದ್ದಾರೆ. ನಾನು ನೋಡಿದೆ. ಏರ್‌ಪೋರ್ಟ್ ಲೌಂಜ್, ಅಂದರೆ ಕಾರ್ಡು ತೋರಿಸಿದರೆ ಬಿಟ್ಟಿ ಸೋಫಾ, ಬಿಟ್ಟಿ ತಿಂಡಿ ಸಿಗುವ ಕೋಣೆ, ಸಲಕ್ಕೆ 1,500ರಂತೆ ಎಂಟು ಸಲ, 12,000. ಉಚಿತ ಗಾಲ್ಫ್ 20,000. ಹೋಟೆಲ್ ಮೆಂಬರ್‌ಶಿಪ್ 10,000. ಸ್ಪಾದಲ್ಲಿ ರಿಯಾಯಿತಿ 5,000. ಒಟ್ಟು 47,000. ಫೀಸು ಕಳೆದರೆ ನಿವ್ವಳ ಲಾಭ 32,250. ಏನನ್ನೂ ಮಾರದೆ, ಮನೆಯಿಂದ ಹೊರಗೂ ಹೋಗದೆ, ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಬಂದ ಲಾಭ!

ಆ ಗಾಲ್ಫ್ ಕತೆ ಕೇಳಿ. ಹೈಗ್ರೌಂಡ್ಸ್ ಕಡೆ 1876ರಿಂದ ಒಂದು ಗಾಲ್ಫ್ ಕ್ಲಬ್ ಇದೆ. ನಮ್ಮವರು ಅದರ ಬೇಲಿಯನ್ನು ನೋಡಿರೋದು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ. ಮನೆಯಲ್ಲಿ ಆಡೋದು ಚೌಕಾಬಾರ. ‘ಗಾಲ್ಫ್ ಆಡ್ತೀರಾ?’ ಅಂತ ಕೇಳಿದೆ. ‘ಫ್ರೀ ಇದೆ ಅಲ್ವಾ’ ಅಂದರು. ಇಲ್ಲದ ಆಸೆಗೂ ಬೆಲೆ ಕಟ್ಟಿ ಜಮಾ ಮಾಡಿಕೊಳ್ಳೋದನ್ನು ಯಾವ ಸಿಎ ಕಲಿಸಿದರೋ ಗೊತ್ತಿಲ್ಲ.

ಇನ್ನು ಲೌಂಜ್. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಚೆನ್ನಾಗಿದೆ, ಸುಳ್ಳು ಹೇಳಬಾರದು. ಬಿದಿರು, ಮೇಲಿಂದ ತೂಗುವ ಗಿಡಗಳು, ಕೂರೋಕೆ ಬೇಕಾದಷ್ಟು ಕುರ್ಚಿ. ಅದನ್ನೆಲ್ಲ ಬಿಟ್ಟು ಜನ ಒಂದು ಬಾಗಿಲ ಮುಂದೆ ವೈಕುಂಠ ಏಕಾದಶಿಗೆ ನಿಂತ ಹಾಗೆ ನಿಂತಿರುತ್ತಾರೆ. ಹೊರಗಿನ ಕುರ್ಚಿ ಖಾಲಿ. ಒಳಗಿನ ಸೋಫಾ ಯಾವಾಗ ಖಾಲಿಯಾಗುತ್ತೋ ಅಂತ ಕಾಯುತ್ತಾ ಕಾಲು ಬದಲಿಸುತ್ತಾರೆ. ಸರದಿ ಬಂದಾಗ ಕೌಂಟರಿನ ಹುಡುಗಿ ಕಾರ್ಡು ಉಜ್ಜುತ್ತಾಳೆ. ಒಳಗೆ ಬಿಡೋಕೆ ಕಾರ್ಡಿನಲ್ಲಿ ಎರಡು ರೂಪಾಯಿ ಕಡಿತ ಆಗಬೇಕು, ಆಗುವುದಿಲ್ಲ. ‘ಸರ್, ಡಿಕ್ಲೈನ್ ಬರ್ತಿದೆ. ಹಿಂದಿನ ಮೂರು ತಿಂಗಳ ಕ್ವಾರ್ಟರ್‌ನಲ್ಲಿ ಎಪ್ಪತ್ತೈದು ಸಾವಿರ ಸ್ಪೆಂಡ್ ಆಗಿತ್ತಾ?’ ಹೆಂಡತಿ ತಕ್ಷಣ ವಿಮಾನದ ಬೋರ್ಡ್ ನೋಡೋಕೆ ಶುರು ಮಾಡುತ್ತಾರೆ, ಗಂಡ ಯಾರೋ ಅಪರಿಚಿತ ಅನ್ನೋ ಥರ. ಗಂಡ ಪರ್ಸಿನಿಂದ ಎರಡನೇ ಕಾರ್ಡು ತೆಗೆಯುತ್ತಾನೆ. ಆಮೇಲೆ ಮೂರನೆಯದು. ಹಿಂದಿನವರು ‘ಸ್ವಲ್ಪ ಬೇಗ’ ಅನ್ನುತ್ತಾರೆ. ಅವರ ಕೈಯಲ್ಲೂ ಮೂರು ಕಾರ್ಡು ಸಿದ್ಧ.

ಅಂತೂ ಒಳಗೆ ಹೋದರೆ ಏನಿದೆ? ಉಪ್ಪಿಟ್ಟು.

ಮನೆಯಲ್ಲಿ ಉಪ್ಪಿಟ್ಟು ಅಂದರೆ ‘ಮತ್ತೆ ಕಾಂಕ್ರೀಟಾ?’ ಅಂತ ಮುಖ ಸಿಂಡರಿಸುವ ಮನುಷ್ಯ ಇವನೇ. ಅದೇ ಕಾಂಕ್ರೀಟಿಗೋಸ್ಕರ ಎರಡು ಗಂಟೆ ಮುಂಚೆ ಬನಶಂಕರಿಯಿಂದ ಹೊರಟಿದ್ದಾನೆ. ಹೆಬ್ಬಾಳದಲ್ಲಿ ಬೆವತಿದ್ದಾನೆ. ಇಲ್ಲಿ ಅದೇ ರವೆ, ಅದೇ ಸಾಸಿವೆ, ಮೇಲೊಂದು ಗೋಡಂಬಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುತ್ತಾನೆ. ಅಮ್ಮ ಮಾಡಿದ ಉಪ್ಪಿಟ್ಟಿನ ಫೋಟೊ ಅವನ ಫೋನಿನಲ್ಲಿ ಹುಡುಕಿದರೂ ಸಿಗಲ್ಲ, ಅದಕ್ಕೆ ವಾರ್ಷಿಕ ಶುಲ್ಕ ಇರಲಿಲ್ಲ ನೋಡಿ.

ಕಾರ್ಡಿನ ಜೊತೆ ಕನ್ಸಿಯರ್ಜ್ ಅಂತಲೂ ಒಂದು ಬರುತ್ತೆ. ದಿನದ 24 ಗಂಟೆ ನಿಮ್ಮ ಸೇವೆಗೆ ಒಬ್ಬ ಕಾದಿರುತ್ತಾನೆ. ಪ್ಯಾರಿಸ್‌ನಲ್ಲಿ ನಾಟಕದ ಟಿಕೆಟ್ ಬೇಕಾ, ಐಷಾರಾಮಿ ದೋಣಿ ಬಾಡಿಗೆಗೆ ಬೇಕಾ, ಕೇಳಿ. ಬೆಂಗಳೂರಿನವರು ಏನು ಕೇಳಬೇಕು? ಸಂಜೆ ಆರೂವರೆಗೆ, ಮಳೆ ಬರುವಾಗ, ಮೀಟರ್ ಹಾಕಿ ಬರುವ ಆಟೊ. ಅದು ಅವನ ಪಟ್ಟಿಯಲ್ಲಿಲ್ಲ. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಕಾಯದೆ ಒಂದು ಟೇಬಲ್. ಅದೂ ಆಗಲ್ಲ. 1943ರಿಂದ ಅಲ್ಲಿ ಎಲ್ಲರೂ ಕಾದೇ ದೋಸೆ ತಿಂದಿದ್ದಾರೆ, ಮುಂದೆಯೂ ಕಾಯುತ್ತಾರೆ. ಕಾವೇರಿ ನೀರು ಯಾವಾಗ ಬಿಡ್ತಾರೆ ಅಂತ ಕೇಳಿ ನೋಡಿ, ಫೋನ್ ಇಟ್ಟುಬಿಡುತ್ತಾನೆ. ದೋಣಿ ಮಾತ್ರ ರೆಡಿ. ಎಲ್ಲಿ ಬಿಡೋಣ? ಬೆಳ್ಳಂದೂರು ಕೆರೆಯಲ್ಲಾ? 2017ರಲ್ಲಿ, 2018ರಲ್ಲಿ ಬೆಂಕಿ ಹೊತ್ತಿ ಉರಿದ ಕೆರೆ ಅದು. ಹಾಗೆ ನೋಡಿದರೆ 2022ರ ಸೆಪ್ಟೆಂಬರ್‌ನಲ್ಲಿ ದೋಣಿ ನಿಜವಾಗಿಯೂ ಬೇಕಾಗಿತ್ತು. ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆಯ ವಿಲ್ಲಾಗಳಿಗೆ ನೀರು ನುಗ್ಗಿದಾಗ, ಜೇಬಲ್ಲಿ ಲೋಹದ ಕಾರ್ಡು ಇಟ್ಟುಕೊಂಡವರೆಲ್ಲ ಹಳ್ಳಿಯವರ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಟ್ರ್ಯಾಕ್ಟರಿಗೆ ರಿವಾರ್ಡ್ ಪಾಯಿಂಟ್ ಇರಲಿಲ್ಲ.

ಹೌದು, ಕಾರ್ಡು ಲೋಹದ್ದು. ಟೇಬಲ್ ಮೇಲೆ ಹಾಕಿದರೆ ಠಣ್ ಅನ್ನಬೇಕು. ಎಲ್ಲಿ ಹಾಕ್ತೀರಿ? ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿಯೋರು ನಾವು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಾಗ, ಕಾಂಡಿಮೆಂಟ್ಸ್ ಮುಂದೆಲ್ಲ ‘ಓನ್ಲಿ ಕ್ಯಾಶ್’ ಬೋರ್ಡ್ ಬಿತ್ತಲ್ಲ, ಆಗ ಠಣ್ ಅನ್ನುವ ಕಾರ್ಡಿನವರು ಹತ್ತು ರೂಪಾಯಿ ಚಿಲ್ಲರೆಗೆ ಪಕ್ಕದವರ ಮುಖ ನೋಡುತ್ತಿದ್ದರು.

ಕಾರ್ಡು ಉಜ್ಜಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟಿನ ಲೆಕ್ಕ ಇನ್ನೂ ಚಂದ. ಒಂದು ಪಾಯಿಂಟ್‌ಗೆ ಒಂದು ರೂಪಾಯಿ. ಆದರೆ ಅವರ ಸೈಟಿನಲ್ಲೇ ವಿಮಾನದ ಟಿಕೆಟ್ ತಗೊಂಡರೆ. ಬಿಲ್ಲಿಗೆ ವಜಾ ಮಾಡಿ ಅಂದರೆ ಮೂವತ್ತು ಪೈಸೆ. ಬಳಸೋಕೆ 99 ರೂಪಾಯಿ ಶುಲ್ಕ, ಅದಕ್ಕೂ ಜಿಎಸ್‌ಟಿ. ಇಷ್ಟೆಲ್ಲ ಕಲಿತು ನೀವು ಪಂಡಿತರಾದ ದಿನ ನಿಯಮ ಬದಲಾಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿಗೆ ಆದದ್ದು ನೆನಪಿದೆಯಾ? ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡಿದರೆ ಸಿಗುತ್ತಿದ್ದ 25,000 ಪಾಯಿಂಟ್ ನಿಂತಿತು. ಫೀಸು 10,000ದಿಂದ 12,500ಕ್ಕೆ ಏರಿತು. ಮನ್ನಾದ ಗಡಿ 15 ಲಕ್ಷದಿಂದ 25 ಲಕ್ಷಕ್ಕೆ ಹೋಯಿತು. ಆ ವಾರ ಟೆಕ್ಕಿಗಳು ತುಂಬಿದ ಎಚ್‌ಎಸ್‌ಆರ್ ಲೇಔಟಿನಲ್ಲಿ ಸೂತಕ. ಮೆಟ್ರೊ ದರ ಏರಿದಾಗಲೂ ಈ ಜನ ಇಷ್ಟು ಕೂಗಾಡಿರಲಿಲ್ಲ.

ಹತ್ತು ಲಕ್ಷ ಮುಟ್ಟೋದು ಹೇಗೆ? ಮೊದಲು ಬಾಡಿಗೆ ಇತ್ತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸನ್ನು ಆ್ಯಪ್‌ನಲ್ಲಿ ಕಾರ್ಡಿಂದ ಕಟ್ಟಿದರೆ ಒಂದೇ ಏಟಿಗೆ ಅರ್ಧ ದಾರಿ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದು ಆ ಬಾಗಿಲು ಮುಚ್ಚಿತು. ಈಗ ನೆಂಟರೇ ಗತಿ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ನೋಡಿ. ಮದುವೆ ಜವಳಿ. ಬಿಲ್ಲು ಆಗುವ ಹೊತ್ತಿಗೆ ಗೋಡೆಗೆ ಒರಗಿ ಫೋನ್ ನೋಡುತ್ತಿದ್ದ ಸೋದರಳಿಯ ಎದ್ದು ಬರುತ್ತಾನೆ. ‘ಮಾಮ, ನನ್ನ ಕಾರ್ಡ್ ಹಾಕ್ಲಾ? ನೀವು ನಂಗೆ ಜಿಪೇ ಮಾಡಿ.’ ಮಾಮನಿಗೆ ಅನುಮಾನ, ಇವನಿಗ್ಯಾಕೆ ಇಷ್ಟು ಪ್ರೀತಿ ಅಂತ. ಸೇಟು ತಲೆ ಎತ್ತದೆ ಹೇಳುತ್ತಾನೆ, ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ.’ ಅಲ್ಲಿಗೆ ಅಳಿಯನ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಕುಸಿಯುತ್ತೆ. ಆದರೂ ಹಾಕುತ್ತಾನೆ. ಎರಡು ಪರ್ಸೆಂಟ್ ತಾನೇ ಕೊಡ್ತೀನಿ ಅನ್ನುತ್ತಾನೆ. 14,750 ಉಳಿಸಬೇಕಲ್ಲ.

ಸೇಟುವನ್ನು ಬೈದು ಉಪಯೋಗ ಇಲ್ಲ. ನಿಯಮದ ಪ್ರಕಾರ ಎಕ್ಸ್‌ಟ್ರಾ ಕೇಳಬಾರದು, ಸರಿ. ಆದರೆ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಹೆಚ್ಚುಕಮ್ಮಿ ಅಷ್ಟು ಹಣ ಅವನ ಕೈಯಿಂದ ಬ್ಯಾಂಕಿನ ಕಡೆಗೆ ಹೋಗುತ್ತೆ. ಕೇಳದೆ ಇರುವ ಅಂಗಡಿಯವನು ಬೆಲೆಯಲ್ಲೇ ಸೇರಿಸಿರುತ್ತಾನೆ. ಆ ಅಂಗಡಿಯಲ್ಲಿ ನೋಟು ಎಣಿಸಿ ಕೊಟ್ಟು ಮಿಕ್ಸಿ ಕೊಂಡ ಹೆಂಗಸೂ ನಮ್ಮ ಪಾಯಿಂಟಿಗೆ ತನ್ನ ಪಾಲು ಕೊಟ್ಟಿರುತ್ತಾಳೆ.

ಅದಕ್ಕಿಂತ ದೊಡ್ಡ ಪಾಲು ಕೊಡೋನು ಬೇರೆ ಇದ್ದಾನೆ. ಅವನಿಗೆ ‘ಲೈಫ್‌ಟೈಮ್ ಫ್ರೀ’ ಕಾರ್ಡು ಕೊಟ್ಟಿರುತ್ತಾರೆ. ಮೊದಲ ಕೆಲಸ, ಪಿಜಿಯಲ್ಲಿ ವಾಸ, ಊರಲ್ಲಿ ಅಪ್ಪನ ಆಸ್ಪತ್ರೆ ಬಿಲ್ಲು. 60,000 ಬಾಕಿ. ಸ್ಟೇಟ್‌ಮೆಂಟಿನಲ್ಲಿ ಚಂದವಾಗಿ ಬರೆದಿರುತ್ತೆ, ಮಿನಿಮಮ್ ಡ್ಯೂ 3,000, ಅಂದರೆ ಸದ್ಯಕ್ಕೆ ಇಷ್ಟು ಕಟ್ಟಿದರೆ ಸಾಕು ಅಂತ. ಕಟ್ಟುತ್ತಾನೆ. ಮುಗೀತು ಅಂದುಕೊಳ್ಳುತ್ತಾನೆ. ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ, ತಿಂಗಳಿಗೆ. ವರ್ಷಕ್ಕೆ ಶೇ 42. ಕೊಂಡ ದಿನದಿಂದಲೇ ಲೆಕ್ಕ. ಊರಲ್ಲಿ ಯಾರಾದರೂ ಹೀಗೆ ವಸೂಲಿ ಮಾಡಿದರೆ ಮೀಟರ್ ಬಡ್ಡಿ ಅಂತೀವಿ, ಪೊಲೀಸರಿಗೆ ದೂರು ಕೊಡ್ತೀವಿ. ಶೇ 30 ದಾಟಿದರೆ ಅನ್ಯಾಯ ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಇನ್ನೊಂದು ಕೇಳಿ. ಕೆಲವು ದುಬಾರಿ ಕಾರ್ಡುಗಳಿಗೆ ಬಡ್ಡಿ ತಿಂಗಳಿಗೆ ಶೇ 2ರ ಒಳಗೇ ಇದೆ. ಸಾಲ ಬೇಡದವನಿಗೆ ಕಮ್ಮಿ ಬಡ್ಡಿ, ಬೇರೆ ದಾರಿ ಇಲ್ಲದವನಿಗೆ ಜಾಸ್ತಿ. ಆ ಹುಡುಗ ಕಟ್ಟುವ ಬಡ್ಡಿಯಲ್ಲಿ ನಾವು ಸೋಫಾ ಮೇಲೆ ಕೂತು ಉಪ್ಪಿಟ್ಟು ತಿಂದು, ‘ಗೋಡಂಬಿ ಕಮ್ಮಿ’ ಅಂತ ಸ್ಟಾರ್ ಕಡಿಮೆ ಕೊಡ್ತೀವಿ. ಇದರಲ್ಲಿ ತಮಾಷೆ ಮಾಡೋಕೆ ನನಗೆ ಇವತ್ತು ಏನೂ ಸಿಗ್ತಿಲ್ಲ.

ಇರಲಿ. ಪಕ್ಕದ ಮನೆಯವರಿಗೆ ಒಂದು ಸಲಹೆ ಕೊಟ್ಟಿದ್ದೀನಿ. ಬಾಕಿ ಪೂರ್ತಿ ಕಟ್ಟಿ, ಕಾರ್ಡು ಕ್ಲೋಸ್ ಮಾಡಿ ಅಂತ ಬರೆದು ಕಳಿಸಿ. ತಕ್ಷಣ ಫೋನ್ ಬರುತ್ತೆ, ‘ಸರ್, ನೀವು ನಮ್ಮ ಅಮೂಲ್ಯ ಗ್ರಾಹಕರು’ ಅಂತ. ಅರ್ಧ ಫೀಸು ಬಿಡ್ತೀವಿ ಅಂತಾರೆ, ವೋಚರ್ ಕೊಡ್ತೀವಿ ಅಂತಾರೆ. ಬೇಡ ಅನ್ನಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಮೂವತ್ತು ದಿನ ಎಳೆದರೆ 15,000, ಫೀಸಿನ ಮೇಲೆ 250 ಲಾಭ. ಹತ್ತು ಲಕ್ಷದ ಗುರಿ ಇಲ್ಲ, ಎಪ್ಪತ್ತೈದು ಸಾವಿರದ ಷರತ್ತಿಲ್ಲ, ಮೂವತ್ತು ಪೈಸೆ ಲೆಕ್ಕ ಇಲ್ಲ. ಅವರು ಆಗಲೇ ಹೊಸ ಶೀಟ್ ತೆರೆದಿದ್ದಾರೆ. ಬ್ಯಾಂಕು ಎಷ್ಟು ದಿನ ತಡ ಮಾಡಬಹುದು ಅಂತ ಅಂದಾಜು ಹಾಕಿ, ಲಾಭದ ಕಾಲಂಗೆ ಸೇರಿಸುತ್ತಿದ್ದಾರೆ.